ಚುಕ್ಕಿ ಇದ್ದ ‘ಬರ್ಪೆ’

ಎರಡು ವರ್ಷದ ಹಿಂದಿನ ದಸರಾ ರಜೆ. ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಸುತ್ತಲಿನ ಹಳ್ಳಿಗಳ ಅಜ್ಜಿಯರು ಹೇಳಿದ ತುಳು ಕತೆಗಳನ್ನು ರೆಕಾರ್ಡ್ ಮಾಡಿ, ಬರೆದು ಕಂಪ್ಯೂಟರಿಗೆ ಹಾಕಿದ್ದೆವು. ಹೇಳಿದವರ ಹೆಸರು ಹಾಕಿರಲಿಲ್ಲ, ಊರು ಮಾತ್ರ. ಯಾರು ಕೇಳಿಕೊಂಡು ಬರುತ್ತಾರೆ ಎಂಬ ಧೈರ್ಯ!

ಬಂದೇ ಬಂದರು, ಕಡಬದ ಲಲಿತಕ್ಕ. ಅವರ ಅಮ್ಮನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಪರಿಚಯದ ಮಾತು ಕಿವಿಗೆ ಬೀಳುತ್ತಾ ಇರಲಿ ಎಂದಿದ್ದರಂತೆ ಡಾಕ್ಟರು.

“ಅಮ್ಮ ಇಲ್ಲಿಗೆ ಒಂದು ಕತೆ ಹೇಳಿದ್ದುಂಟು. ಅವರದ್ದೇ ಸ್ವರ ಕೇಳಿಸುವ ಅಂತ ಬಂದೆ.”

“ಎಂತ ಕತೆ?”

“ಅದೇ ಗೊತ್ತಿಲ್ಲ ಮಾರಾಯ್ರೆ. ಸಣ್ಣದಿರುವಾಗ ಅರ್ಧದಲ್ಲೇ ನಿದ್ರೆ ಹೋಗುದು ನಾನು. ‘ಬರ್ಪೆ, ಬರ್ಪೆ’ ಅಂತ ಬರುದು ಮಾತ್ರ ನೆನಪುಂಟು.”

‘ಬರ್ಪೆ’ ಎಂದು ಟೈಪ್ ಮಾಡಿದೆ. ಪುಟಗಟ್ಟಲೆ ಬಂತು. ಲಲಿತಕ್ಕ ಓದುತ್ತಾ ಹೋಗಿ ತಲೆಯಲ್ಲಾಡಿಸಿದರು. “ಇದರಲ್ಲಿ ಹೆಚ್ಚಿನದ್ದೂ ‘ಅವನು ಬರ್ತಾನೆ’. ಅಮ್ಮ ಹೇಳುದು ‘ನಾನು ಬರ್ತೇನೆ’.”

ತುಳುವಿನಲ್ಲಿ ಎರಡಕ್ಕೂ ‘ಬರ್ಪೆ’ ಎಂದೇ ಬರೆಯುವುದು. ಹೇಳುವಾಗ ಮಾತ್ರ ‘ನಾನು’ ಆದರೆ ಕೊನೆಗೆ ಬಾಯಿ ಒಂಚೂರು ಹೆಚ್ಚು ತೆರೆಯುತ್ತದೆ. ಅದನ್ನು ತೋರಿಸಲೆಂದೇ ಅಂಥ ಅಕ್ಷರದ ಮೇಲೆ ಚುಕ್ಕಿ ಇಟ್ಟಿದ್ದೆವು. ಹುಡುಕುವ ಸಾಫ್ಟ್‌ವೇರ್ ಆ ಚುಕ್ಕಿಯನ್ನೆಲ್ಲ ಕಸವೆಂದು ಗುಡಿಸಿ ಹಾಕಿತ್ತು! ನನಗೆ ಮೈಯೆಲ್ಲ ಉರಿಯಿತು. ಕಣ್ಣು ಕೆಂಪಾಗುವಷ್ಟು ಚುಕ್ಕಿ ಇಟ್ಟವಳು ನಾನೇ.

ಸೆಟ್ಟಿಂಗ್ಸ್ ಒಳಗೆ ಹೋಗಿ, ಯಾವುದನ್ನೆಲ್ಲ ಅಕ್ಷರವೆಂದು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ಚುಕ್ಕಿಯನ್ನೂ ಸೇರಿಸಿದೆ. ಕತೆಗಳನ್ನೆಲ್ಲ ಮೊದಲಿನಿಂದ ಇಂಡೆಕ್ಸ್ ಮಾಡಲು, ಅಂದರೆ ಹುಡುಕುವ ಪದಪಟ್ಟಿ ಹೊಸದಾಗಿ ಮಾಡಲು, ಬಿಟ್ಟೆ. ಇದ್ದದ್ದೂ ಹೋದರೆ ಎಂದು ಒಳಗೊಳಗೇ ಹೆದರಿಕೆ. ಇಬ್ಬರೂ ಕ್ಯಾಂಟೀನಿನಲ್ಲಿ ಊಟ ಮಾಡಿ ಬಂದು, ಚುಕ್ಕಿ ಇಟ್ಟು ಹುಡುಕಿದೆವು. ಬಂದದ್ದರಲ್ಲಿ ಕಡಬದ್ದನ್ನು ಮಾತ್ರ ಆರಿಸಿದಾಗ ಕೆಲವೇ ಕತೆಗಳು ಉಳಿದವು. ಒಂದೊಂದನ್ನೇ ಕೇಳಿಸುತ್ತಾ ಹೋದೆ. ಒಂದರಲ್ಲಿ ಬಾವಿಯೊಳಗಿನ ಏಡಿಯೊಂದು ನೀರಿಗೆ ಬಂದವರನ್ನೆಲ್ಲ ಕೂಗುತ್ತಿತ್ತು: “ಯಾನ್ ಬರ್ಪೆ, ಯಾನ್ ಬರ್ಪೆ!”

ಲಲಿತಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು. “ಅಮ್ಮನೇ” ಎಂದರು. ಕತೆಯನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಆಮೇಲೆ ಬಹಳ ದಿನ ಸುದ್ದಿ ಇರಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಅವರದ್ದೇ ಫೋನ್ ಬಂತು. “ದಿನಾ ಏಡಿ ಕತೆ ಇಡ್ತಿದ್ದೆ. ಇವತ್ತು ನಾನು ಪೇಟೆಗೆ ಹೊರಡುವಾಗ ಅಮ್ಮ ‘ಬರ್ಪೆ’ ಅಂದ್ರು!”

ನನ್ನ ಬುದ್ಧಿ ಎಲ್ಲಿಗೆ ಹೋಗಬೇಕು? “ಯಾವ ಬರ್ಪೆ? ಚುಕ್ಕಿ ಇದ್ದದ್ದೋ, ಇಲ್ಲದ್ದೋ?” ಎಂದು ಕೇಳಿಯೇಬಿಟ್ಟೆ.

ಲಲಿತಕ್ಕ ಅಳುತ್ತಿದ್ದವರು ನಕ್ಕುಬಿಟ್ಟರು. “ಅವರದ್ದೇ ಚಪ್ಪಲಿಗೆ ಕೈ ತೋರಿಸಿ ಹೇಳಿದ್ದು ಮಾರಾಯ್ರೆ!”

ಈಗ ಕತೆ ಹೇಳಿದವರ ಹೆಸರನ್ನು ತಪ್ಪದೆ ಬರೆದಿಡುತ್ತೇನೆ. ಚುಕ್ಕಿ ಇಟ್ಟು ಇಟ್ಟು ಬೇಸರ ಬಂದಾಗ, ನಾನು ಕಣ್ಣಾರೆ ನೋಡಿರದ ಆ ಚಪ್ಪಲಿ ನೆನಪಾಗುತ್ತದೆ.