ದಸರೆಯ ತನಕ ನಗಬಾರದು

ನಮ್ಮ ಕಡೆ ಹೊಸ ಶಿಕ್ಷಕರಿಗೆ ನಿಜವಾದ ತರಬೇತಿ ಸಿಗುವುದು ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ. ಮುಂದಿನ ಸೀಟುಗಳೆಲ್ಲ ಶಾಲೆಯವರವು. ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ ಸಾಕು, ಎಲ್ಲರಿಗೂ ಉಪದೇಶ ಮಾಡುವ ಉಮೇದು ಬರುತ್ತದೆ. ಕೇಳುವವರು ನಡುವೆ ಇಳಿದು ಹೋಗುವಂತಿಲ್ಲ ಎಂಬುದೇ ಈ ತರಬೇತಿಯ ದೊಡ್ಡ ಅನುಕೂಲ.

ಹೋದ ವರ್ಷ ಆ ಬಸ್ಸಿಗೆ ಒಬ್ಬ ಹುಡುಗಿ ಹತ್ತಿದಳು. ತಿಕೋಟಾದವಳು, ವಿಜಯಪುರದಲ್ಲಿ ಕೋಣೆ ಹಿಡಿದಿದ್ದಳು. ನಿಡೋಣಿ ದಾರಿಯ ನಮ್ಮ ಸಣ್ಣ ಶಾಲೆಗೆ ಹೊಸ ಶಿಕ್ಷಕಿ. ಒಂದರಿಂದ ಮೂರನೆಯವರೆಗಿನ ಮಕ್ಕಳು ಒಟ್ಟಿಗೆ ಕೂಡುವ ನಲಿ-ಕಲಿ ವರ್ಗವನ್ನು ಅವಳಿಗೆ ಕೊಟ್ಟರು, ಅವಳನ್ನು ಪಳಗಿಸುವ ಕೆಲಸವನ್ನು ನನಗೆ ಕೊಟ್ಟರು. ಅಷ್ಟು ವರ್ಷ ಆ ವರ್ಗ ನೋಡಿಕೊಂಡವಳು ನಾನೇ. ಈಗ ಪಕ್ಕದ ಕೋಣೆಯ ಐದನೆಯವರು ನನ್ನ ಪಾಲಿಗೆ ಬಂದಿದ್ದರು.

ಬಸ್ಸಿನವರು ತಡ ಮಾಡಲಿಲ್ಲ. ಒಬ್ಬರು ಹಾಡಿ ಕುಣಿಸು ಎಂದರು. ಇನ್ನೊಬ್ಬರು ಭಾರೀ ಕಿತಾಪತಿಯ ಹುಡುಗನನ್ನೇ ಮಾನಿಟರ್ ಮಾಡು ಎಂದರು. ಅವಳು ಮಾಡಿದಳು. ಗಲಾಟೆ ಮಾಡಿದವರ ಹೆಸರು ಬರೆ ಎಂದರೆ ಅವನು ಇಡೀ ವರ್ಗದ ಹೆಸರು ಬರೆದು, ಕೊನೆಗೆ ಹೆಡ್ ಮಾಸ್ತರರದನ್ನೂ ಸೇರಿಸಿದ. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಮಾಸ್ತರರೊಬ್ಬರು ಮಾತ್ರ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದರು:

"ದಸರಾ ತನಕ ನಗಬ್ಯಾಡ್ರಿ. ಒಮ್ಮೆ ಹಲ್ಲ ಕಂಡ್ವು ಅಂದ್ರ ಹುಡುಗ್ರು ಹೆಗಲ ಮ್ಯಾಲ ಕುಂಡ್ರತಾವ."

ನನ್ನ ತರಬೇತಿ ಇಷ್ಟು ಒರಟಾಗಿರಲಿಲ್ಲ. ನಾನು ಐದನೆಯವರಿಗೆ ಕಾಪಿ ಬರೆಯಲು ಹಚ್ಚಿ, ದಿನಾ ಒಂದು ಅವಧಿ ಅವಳ ವರ್ಗದ ಹಿಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಧೈರ್ಯಕ್ಕಿರಲಿ ಎಂದು. ಆದರೆ ಅವಳು ಏನೇ ಹೇಳಿದರೂ ಮಕ್ಕಳೆಲ್ಲ ಗಪ್ಪನೆ ಹಿಂದಕ್ಕೆ ತಿರುಗಿ ನನ್ನ ಮುಖ ನೋಡುತ್ತಿದ್ದರು. ನಾನು ಗೋಣು ಆಡಿಸದಿದ್ದರೆ ಎರಡಕ್ಕೆ ಎರಡು ಕೂಡಿ ನಾಲ್ಕು ಆಗುತ್ತಿರಲಿಲ್ಲ. ನಾನು ಕಿಟಕಿ ನೋಡಿದೆ, ಸೀರೆಯ ಸೆರಗು ಸರಿಮಾಡಿಕೊಂಡೆ, ನಿದ್ದೆ ಬಂದಂತೆಯೂ ಕೂತೆ. ಮಕ್ಕಳು ನಾನು ಏಳುವ ತನಕ ಕಾದರು.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ಸಂಜೆ ಬಸ್ ಕಾಯುತ್ತ ಅವಳು ವಿಷಯ ಹೇಳಿದಳು. ಹಿಂದೆ ಬರೆದಿದ್ದ ಪರೀಕ್ಷೆಯಲ್ಲಿ ಪಾಸಾಗಿ, ವಿಜಯಪುರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿದೆಯಂತೆ. ದಸರಾ ಸೂಟಿಯೊಳಗೆ ಹಾಜರಾಗಬೇಕು, ಇಲ್ಲವೇ ಬಿಡಬೇಕು.

"ಅಲ್ಲಿ ಫೈಲು ಒಂದಕ್ಕ ಹೋಗತೇನಿ ಅಂತ ಬೆರಳ ಎತ್ತಂಗಿಲ್ರಿ ಅಕ್ಕಾರ," ಎಂದಳು. ನಗಿಸಲು ಹೇಳಿದ್ದು, ಆದರೆ ಅವಳ ಕಣ್ಣು ತುಂಬಿತ್ತು. ಮಕ್ಕಳು ತನ್ನವರಾಗಲೇ ಇಲ್ಲ ಎಂದಳು. ಇಂಥ ಹುಡುಗಿಯನ್ನು ಕಡತಗಳಿಗೆ ಕೊಡುವುದೆಂದರೆ ನನಗೆ ಸಿಟ್ಟೇ ಬಂತು. ಸಿಟ್ಟು ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಉಳಿದ ಉಪದೇಶಗಳೆಲ್ಲ ಕೈಕೊಟ್ಟಿದ್ದರಿಂದ ಅವಳು ಕೊನೆಗೆ ಹಿರಿಯ ಮಾಸ್ತರರ ಮಾತು ಹಿಡಿದಳು. ಮರುದಿನದಿಂದ ತುಟಿ ಬಿಗಿಹಿಡಿದೇ ಪಾಠ. ಮೊದಮೊದಲು ಮಕ್ಕಳು ತೆಪ್ಪಗಾದವು. ಮಾಸ್ತರರು ಬಸ್ಸಿನಲ್ಲಿ ಎದೆಯುಬ್ಬಿಸಿದರು. ಆಮೇಲೆ ಎರಡನೆಯ ಇಯತ್ತೆಯ ಒಂದು ಹುಡುಗಿ ಮೇಜಿನ ಮೇಲೆ ಕಾಗದದ ಪೊಟ್ಟಣವಿಟ್ಟು ಓಡಿಹೋದಳು. ಬಿಚ್ಚಿದರೆ ಲವಂಗ. ಮರುದಿನ ಇನ್ನೊಬ್ಬರ ಮನೆಯಿಂದ ಲವಂಗ, ಮತ್ತೊಬ್ಬರ ಮನೆಯಿಂದ ಉಪ್ಪಿನ ಹರಳು. ಟೀಚರ್ ನಗುತ್ತಿಲ್ಲ, ಬಾಯಿ ಪೂರ್ತಿ ತೆರೆಯುತ್ತಿಲ್ಲ, ಅಂದ ಮೇಲೆ ಹಲ್ಲುನೋವೇ ಎಂದು ವರ್ಗ ತೀರ್ಮಾನಿಸಿಬಿಟ್ಟಿತ್ತು.

ಆ ವಾರವೇ ಲವಂಗದ ಹುಡುಗಿಯ ಅಜ್ಜಿ ಯಾವುದೋ ಬೇರು ಹಿಡಿದುಕೊಂಡು ವರ್ಗಕ್ಕೇ ಬಂದಳು. ಕುರಿ ಕಾಯುವ ಮನೆತನದವಳು, ಕೈಯಲ್ಲಿ ಇನ್ನೂ ಕೋಲಿತ್ತು. ಬಾಯಿ ತೆಗೆ ಎಂದಳು. ನಮ್ಮ ಹುಡುಗಿ ವಿಧೇಯೆ ನೋಡಿ, ತೆಗೆದಳು. ಮಕ್ಕಳು ಸುತ್ತಲೂ ಮುತ್ತಿಕೊಂಡು ಇಣುಕಿದವು. ಅಜ್ಜಿ ಅತ್ತಿತ್ತ ನೋಡಿದಳು.

"ಹಲ್ಲ ಎಲ್ಲಾ ಗಟ್ಟಿ ಅದಾವಲ್ಲ ಬೇ. ಮತ್ಯಾಕ ನಗವಲ್ಲಿ? ಈ ಮೊಮ್ಮಗಳ ಮಾತ ಕೇಳಿ ನಾ ಕುರಿ ಬಿಟ್ಟ ಬಂದೇನಿ."

ನಮ್ಮ ಹುಡುಗಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಕ್ಕಳು ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ತಾವೂ ಶುರು ಮಾಡಿದವು. ಅಜ್ಜಿ ಗೊಣಗುತ್ತ ಬೇರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ವರ್ಗ ಇನ್ನು ಸುಧಾರಿಸುವುದಿಲ್ಲ ಎಂದು ನಾನು ಎದ್ದು ನಿಲ್ಲುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ನನ್ನ ಬಾಯಿ ಎಲ್ಲರೂ ನೋಡಿದಿರಿ, ಈಗ ನಿಮ್ಮ ಸರದಿ ಎಂದಳು. ಯಾರ ಹಲ್ಲು ಎಷ್ಟು ಬಿದ್ದಿವೆ, ಎಷ್ಟು ಉಳಿದಿವೆ? ಮಕ್ಕಳು ಜೋಡಿಜೋಡಿಯಾಗಿ ಬಾಯಿ ತೆರೆದು ಬೆರಳಿಟ್ಟು ಎಣಿಸಿದವು. ಹಲಗೆಯ ಮೇಲೆ ಕಳೆಯುವ ಲೆಕ್ಕ ತಾನಾಗಿ ಬೆಳೆಯಿತು. ಒಬ್ಬನಂತೂ ಅಲುಗಾಡುವ ಹಲ್ಲನ್ನು ಬಿದ್ದದ್ದರಲ್ಲಿ ಹಿಡಿಯಬೇಕೋ ಉಳಿದದ್ದರಲ್ಲೋ ಎಂದು ಜಗಳಕ್ಕೇ ನಿಂತ. ಲೆಕ್ಕ ಸರಿಯಾದಾಗೆಲ್ಲ ನಾನು ಹಿಂದಿನಿಂದ ಗೋಣು ಆಡಿಸುತ್ತಲೇ ಇದ್ದೆ. ಒಂದು ಮಗುವೂ ತಿರುಗಿ ನೋಡಲಿಲ್ಲ. ಸುಳ್ಳು ಯಾಕೆ, ಸ್ವಲ್ಪ ಕೆಟ್ಟೆನಿಸಿತು.

ಗದ್ದಲದ ನಡುವೆ ಅವಳು ನನ್ನ ಹತ್ತಿರ ಬಂದು ಬಗ್ಗಿ, ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ದಸರಾ ಆದ ಮ್ಯಾಲೂ ನೀವ ಇಲ್ಲಿ ಕುಂಡ್ರೂದು ಬ್ಯಾಡ. ನನ್ನ ಹುಡುಗ್ರನ್ನ ನಾ ನೋಡ್ಕೋತೇನಿ."

ದಸರಾ ಆದ ಮೇಲೂ, ಎಂದಳು. ಕಚೇರಿಯ ಮಾತು ಅಲ್ಲಿಗೆ ಮುಗಿಯಿತೆಂದು ನನಗೆ ಬೇರೆ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ವರ್ಗದಿಂದಲೂ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಹಾಕಿಸಿಕೊಂಡಾಗ ಇಷ್ಟು ಸಂತೋಷವಾಗುತ್ತದೆಂದು ಗೊತ್ತಿರಲಿಲ್ಲ. ಕುರ್ಚಿಯನ್ನು ನಾನೇ ಎತ್ತಿಕೊಂಡು ಹೊರಬಂದೆ, ಅವಳು ಹಿಂದಿನಿಂದ ಬಾಗಿಲು ಹಾಕಿಕೊಂಡಳು.