ಗೋಡೆಯ ಮೇಲೆ ಹಿಟ್ಟಿನ ಕೈ

ಕಾರಟಗಿಯಲ್ಲಿ ನನ್ನ ತಂಗಿಯ ಮನೆಯವರು ಹೊಸ ಅಡುಗೆಮನೆ ಮಾಡಿಸಿದರು. ಕಪಾಟುಗಳು ಛತ್ತಿನವರೆಗೆ. ನೋಡಲು ಚೆಂದವೇ ಇತ್ತು. ಆದರೆ ಜೀರಿಗೆ ಡಬ್ಬಿ ತಂಗಿಯ ಕೈಗೆ ಸಿಗುತ್ತಿರಲಿಲ್ಲ. ಸೊಸೆಯನ್ನು ಕರೆಯಬೇಕು, ಇಲ್ಲ ಸ್ಟೂಲು ಹತ್ತಬೇಕು. ಒಂದಷ್ಟು ದಿನ ಕರೆದಳು. ಆಮೇಲೆ ಅಡುಗೆಮನೆಗೆ ಹೋಗುವುದನ್ನೇ ಬಿಟ್ಟು ಟಿವಿ ಮುಂದೆ ಕೂತಳು. ರೊಟ್ಟಿ ಬಡಿಯುವುದರಲ್ಲಿ ನನಗಿಂತ ಒಂದು ಕೈ ಮೇಲಿದ್ದವಳು.

ಹೋದ ವರ್ಷ ಕೊಪ್ಪಳದ ನಮ್ಮ ಮನೆಗೂ ಅದೇ ಗೀಳು ಬಂತು. ಸೊಸೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಿಳಿ ಕಪಾಟು, ಮೇಲ್ಸಾಲಿಗೆ ಗಾಜಿನ ಬಾಗಿಲು.

"ಛಲೋ ಐತಿ. ನನ್ನ ಹಿಟ್ಟಿನ ಡಬ್ಬಿ ಎಲ್ಲಿ?"

"ಮ್ಯಾಲಿನ ಕಪಾಟಿನ್ಯಾಗ, ಅತ್ತಿ. ಕೆಳಗ ಸಿಲಿಂಡರ್, ಮಿಕ್ಸರ್ ಇಡೋಣು. ನಿಮಗ ಏನ್ ಬೇಕಂದ್ರೂ ನಾ ತಗದು ಕೊಡ್ತೇನ್ರಿ."

ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಅಂಜಿಕೆ ಹುಟ್ಟಿದ್ದೇ ಅದರಿಂದ. ನನ್ನ ತಂಗಿಯ ಸೊಸೆಯೂ ಒಳ್ಳೆಯವಳೇ.

ಅಳತೆಗೆ ಗಂಗಾವತಿಯಿಂದ ಕಪಾಟಿನ ಅಂಗಡಿಯವನು ಬಂದ. ನಾನು ಕೂತು ರೊಟ್ಟಿ ಬಡಿಯುತ್ತಿದ್ದೆ. ಅವನು ಹಸಿರು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತ ಹೋದ. ಎಲ್ಲ ಗೆರೆಯೂ ನನ್ನ ತಲೆಗಿಂತ ಎಷ್ಟೋ ಮೇಲೆ. ಎದ್ದೆ. ಒಲೆಯ ಕಟ್ಟೆಗೆ ಹೊಟ್ಟೆ ಹಚ್ಚಿ ನಿಂತು, ಕೈ ಎಷ್ಟು ಚಾಚುತ್ತದೋ ಅಷ್ಟು ಚಾಚಿ, ಹಿಟ್ಟಿನ ಅಂಗೈಯನ್ನು ಗೋಡೆಗೆ ಬಡಿದೆ.

ಮಗ ಹೌಹಾರಿದ. "ಯವ್ವಾ! ಮೊನ್ನೆರ ಪೇಂಟ್ ಮಾಡ್ಸೀವಿ!"

"ಅದಕ್ಕ ಚೆಂದಾಗಿ ಮೂಡೇತಿ." ಅಂಗಡಿಯವನ ಕಡೆ ತಿರುಗಿದೆ. "ತಮ್ಮಾ, ದಿನಾ ಬೇಕಾಗೂದು ಒಂದೂ ಈ ಕೈಗಿಂತ ಮ್ಯಾಲ ಇರಬಾರ್ದು. ಉಪ್ಪಿಗೂ ಸೊಸಿನ್ನ ಕರೀಬೇಕಂದ್ರ ಅದು ನನ್ನ ಅಡಗಿಮನಿ ಅಲ್ಲ."

"ಹಂಗ ಮಾಡಿದ್ರ ಲುಕ್ ಹೋಗ್ತೈತ್ರಿ, ಅಮ್ಮಾರ."

"ಲುಕ್ಕಿನ ಮ್ಯಾಲ ರೊಟ್ಟಿ ಬಡೀತಿ ಏನು?"

ಸೊಸೆಗೆ ನಗು ತಡೆಯಲಿಲ್ಲ. ನಗುತ್ತಲೇ ತಾನೂ ಹಿಟ್ಟಿನಲ್ಲಿ ಕೈ ಅದ್ದಿ, ನನ್ನ ಕೈಗಿಂತ ಒಂದು ಮೊಳ ಮೇಲೆ ಬಡಿದಳು. "ಈ ಮ್ಯಾಲಿಂದೆಲ್ಲಾ ನಂದು, ಅತ್ತಿ. ಗಾಜಿನ ಬಾಗ್ಲಾ ಮಾತ್ರ ಬಿಡಂಗಿಲ್ಲ."

"ತಗೋ. ಗಾಜು ಒರಸಾಕಿನೂ ನೀನ."

ಮಗ ತಲೆ ಮೇಲೆ ಕೈ ಹೊತ್ತು ಹೊರಗೆ ಹೋದ.

ಅಂಗಡಿಯವನು ಎರಡು ಕೈಗಳನ್ನು ನೋಡಿ ನಕ್ಷೆ ಬದಲಿಸಿದ. ಕಟ್ಟೆಯ ಕೆಳಗೆಲ್ಲ ಡ್ರಾಯರು ಬಂದವು. ಮೊದಲನೆಯದರಲ್ಲಿ ಉಪ್ಪು, ಖಾರ, ಜೀರಿಗೆ. ಅದರ ಕೆಳಗೆ ಹಿಟ್ಟು, ಬೇಳೆ. ಖಡಕ್ ರೊಟ್ಟಿಗೆ ಮಾತ್ರ ಅಗಲವಾದ ತಂತಿ ಬುಟ್ಟಿ, ಮುಚ್ಚಿಟ್ಟರೆ ಮೆತ್ತಗಾಗುತ್ತವೆ. ಸಿಲಿಂಡರು ಹಿತ್ತಲಿಗೆ ಹೋಯಿತು. ಸೊಸೆಯ ಪಿಂಗಾಣಿ ಬಟ್ಟಲುಗಳು ಗಾಜಿನ ಹಿಂದೆ ಲೈಟು ಹಾಕಿಸಿಕೊಂಡು ಕೂತವು. ಚೆಂದ ಕಾಣುತ್ತವೆ, ಸುಳ್ಳೇಕೆ ಹೇಳಲಿ.

ತಂಗಿ ನೋಡಲು ಬಂದಳು. ಬಂದವಳೇ ಡ್ರಾಯರು ಎಳೆದು, ಜೀರಿಗೆ ತೆಗೆದು, ತಾನೇ ಸಾರಿಗೆ ಒಗ್ಗರಣೆ ಹಾಕಿದಳು.

"ಯಕ್ಕಾ, ನನ್ನ ಮಗಗ ಫೋನ್ ಹಚ್ಚು," ಅಂದಳು. "ಆ ಅಂಗಡ್ಯಾವನ್ನ ನಮ್ಮ ಮನಿಗೂ ಕರಸ್ತೀನಿ."

ಊಟದ ಹೊತ್ತಿಗೆ ನನ್ನ ಮಗ ಬಂದು ಮೇಲಿನ ಕಪಾಟುಗಳನ್ನೆಲ್ಲ ತೆರೆದು ತೆರೆದು ನೋಡಿದ. ಆರಡಿ ಆಳು.

"ಯವ್ವಾ, ಉಪ್ಪಿನಕಾಯಿ ಎಲ್ಲೈತಿ?"

"ಬಗ್ಗು," ಅಂದೆ.

ಬಗ್ಗಿದ.