ಹೊಲದಲ್ಲಿ ಸಿಕ್ಕ ಬೋರಮಾಳ

ನಿಡೋಣಿಯ ಸಂಗನಬಸವ ಮೆಟಲ್ ಡಿಟೆಕ್ಟರ್ ಕೊಂಡದ್ದು ತಾಯಿ ರುದ್ರವ್ವ ತೀರಿಕೊಂಡ ವರ್ಷ. ಆಗ ಅವನಿಗೆ ನಲವತ್ತೇಳು. ಹೆಂಡತಿ ಶೈಲಶ್ರೀ ಮನೆ ಬಿಟ್ಟು ಹೋಗಿ ಹದಿನೇಳು ವರ್ಷವಾಗಿತ್ತು.

ಅವಳು ಹೋದದ್ದು ಒಂದು ಬೋರಮಾಳದ ದೆಸೆಯಿಂದ. ರುದ್ರವ್ವನ ಕೊರಳಲ್ಲಿದ್ದ ಆ ಬಂಗಾರದ ಗುಂಡಿನ ಸರ ಒಂದು ಮುಂಜಾನೆ ಕಾಣೆಯಾಯಿತು. ಮನೆಯಲ್ಲಿದ್ದವರು ಮೂವರೇ.

"ಅತ್ತಿ, ನೀವು ಸಗಣಿ ಬುಟ್ಟಿ ಹೊತ್ಕೊಂಡು ತಿಪ್ಪಿಗೆ ಹೋಗುವಾಗ ಕೊರಳಾಗ ಇತ್ರಿ, ನಾ ನೋಡೇನಿ. ದಾರ ಹರದು ಬಿದ್ದಿರಬೇಕು. ತಿಪ್ಪಿ ಕೆದರಿ ನೋಡೂಣು," ಎಂದಳು ಶೈಲಶ್ರೀ.

ರುದ್ರವ್ವ ತಿಪ್ಪೆಯ ಕಡೆ ಹೊರಳಿಯೂ ನೋಡಲಿಲ್ಲ. ಸೊಸೆಯ ಟ್ರಂಕು ತೆರೆಸಿ ಸೀರೆಗಳನ್ನೆಲ್ಲ ಅಂಗಳದಲ್ಲಿ ಝಾಡಿಸಿದಳು. ಏನೂ ಸಿಗದಿದ್ದಾಗ, "ಹ್ವಾದ ವಾರ ಇಕಿ ಅಪ್ಪ ಬಂದಿದ್ನಲ್ಲ, ಅವನ ಕೈಯಾಗ ಕೊಟ್ಟು ಕಳಿಸ್ಯಾಳ," ಎಂದು ಓಣಿಗೆಲ್ಲ ಕೇಳುವಂತೆ ಅಂದಳು.

ಶೈಲಶ್ರೀ ಗಂಡನ ಮುಖ ನೋಡಿದಳು. "ನೀವರ ಹೇಳ್ರಿ," ಎಂದಳು.

ಸಂಗನಬಸವ ಎತ್ತುಗಳಿಗೆ ನೀರು ಕುಡಿಸಲು ಹೊರಟುಹೋದ. ಹೆಂಡತಿ ಕದ್ದಿದ್ದಾಳೆಂದು ಅವನು ನಂಬಿರಲಿಲ್ಲ. ತಾಯಿಗೆ ಎದುರಾಡಿ ಮಾತ್ರ ಗೊತ್ತಿರಲಿಲ್ಲ. ಮಧ್ಯಾಹ್ನ ಬಂದಾಗ ಅವಳು ತವರಿಗೆ, ತಿಕೋಟಾಕ್ಕೆ ಹೋಗಿದ್ದಳು. ಇವತ್ತು ಕರೆಯಲು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಒಂದು ಸುಗ್ಗಿ ಕಳೆಯಿತು. ಆ ಬೇಸಿಗೆಯಲ್ಲಿ ಅವನೇ ತಿಪ್ಪೆಯನ್ನೆಲ್ಲ ಬಂಡಿಗೆ ತುಂಬಿ ಹೊಲದ ಮೇಲಿನ ಪಟ್ಟಿಗೆ ಹರವಿದ. ಗೊಬ್ಬರ ಎಳೆಯುವಾಗ ಅವಳ ಮಾತು ನೆನಪಾಗದೆ ಇರಲಿಲ್ಲ. ಆದರೆ ತಾಯಿ ಬದುವಿನ ಮೇಲೆ ಕೂತಿದ್ದಳು. ಅವಳೆದುರು ಕೈಹಾಕಿ ಹುಡುಕುವ ಧೈರ್ಯ ಬರಲಿಲ್ಲ.

ಬೇರೆ ಹೆಣ್ಣು ನೋಡಿದ್ದೇನೆಂದು ರುದ್ರವ್ವ ಎಷ್ಟೋ ಸಲ ಹೇಳಿದಳು. ಅವನು ಒಲ್ಲೆ ಎಂದ. ಜೀವಮಾನದಲ್ಲಿ ತಾಯಿಗೆ ಇಲ್ಲ ಎಂದದ್ದು ಅದೊಂದೇ.

ತಾಯಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವನು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ. ಯಾವುದೋ ದೇಶದ ಬಯಲಿನಲ್ಲಿ ಒಬ್ಬ ಮುದುಕ ಕೋಲಿನಂಥ ಯಂತ್ರವನ್ನು ನೆಲದ ಮೇಲೆ ಆಡಿಸುತ್ತಿದ್ದ. ಅದು ಕೂಗಿದಲ್ಲಿ ಅಗೆದು, ಗೋದಿ ಕಾಳಿನಷ್ಟು ಬಂಗಾರದ ಹರಳು ತೆಗೆದು ತೋರಿಸಿದ. ಸಂಗನಬಸವ ಅದನ್ನು ಮೂರು ಸಲ ನೋಡಿದ.

ಮರುದಿನ ವಿಜಯಪುರದ ಬಸ್ಸು ಹತ್ತಿದ. ಸ್ಟೇಷನ್ ರಸ್ತೆಯಲ್ಲಿ ಹಸನಸಾಬ ಎಂಬುವವರ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಂಥ ಯಂತ್ರಗಳಿದ್ದವು.

"ನಿಧಿ ಹುಡ್ಕಾಕೇನ್ರಿ?" ಹಸನಸಾಬರು ಮೊದಲೇ ಕೇಳಿದರು. "ಹಳೇ ಗುಡಿ, ಗೋರಿ ಕಡೆ ಒಯ್ಯೋರಿಗೆ ನಾ ಕೊಡಂಗಿಲ್ರಿ."

"ಇಲ್ರಿ. ನಮ್ಮ ಹೊಲದಾಗ ಬೋರಮಾಳದ ಗುಂಡು ಬಿದ್ದಾವ."

"ಯಾವಾಗ?"

"ಹದಿನೇಳ ವರ್ಷಾತ್ರಿ."

ಹಸನಸಾಬರು ನಗಲಿಲ್ಲ. ಮೂರು ಯಂತ್ರ ತಂದು ಇಟ್ಟರು. ಸಂಗನಬಸವ ಚೀಲದಿಂದ ಹೊಲದ ಎರೆಮಣ್ಣಿನ ಗಂಟು ತೆಗೆದ. ಜೊತೆಗೆ ತಾಯಿಯ ತಾಳಿಯ ಒಂದು ಬಂಗಾರದ ಗುಂಡು. "ಇದರಾಗ ಹುಗದು ನೋಡೂಣ್ರಿ," ಎಂದ.

"ಮಣ್ಣು ತಂದು ಮಷೀನು ನೋಡಿದ ಗಿರಾಕಿ ನೀವ ಮೊದಲ್ರಿ. ಛಲೋ ಮಾಡಿದ್ರಿ. ಮಣ್ಣಾಗ ಕಬ್ಬಿಣದ ಅಂಶ ಇದ್ರ ಅಗ್ಗದ ಮಷೀನು ದಿಕ್ಕ ತಪ್ಪತಾವ," ಎಂದು ಹಸನಸಾಬರು ಬಕೀಟು ತಂದರು.

ಮೊದಲನೆಯದು ಗುಂಡು ಇಡುವ ಮೊದಲೇ ಬರೀ ಮಣ್ಣಿಗೆ ಕೂಗಿಕೊಂಡಿತು. ಎರಡನೆಯದರ ತಳದ ತಟ್ಟೆ ದೊಡ್ಡದು. ಆಳದಲ್ಲಿರುವ ಕೊಡ, ಪೈಪು ಹುಡುಕುವಂಥದ್ದು. ಅದು ಗುಂಡಿನ ಮೇಲೆ ಹಾದರೂ ಸುಮ್ಮನಿತ್ತು. ಮೂರನೆಯದು ಹಗುರ, ಅಂಗೈಗಿಂತ ಸ್ವಲ್ಪ ದೊಡ್ಡ ತಟ್ಟೆ. ಹಸನಸಾಬರು ಯಂತ್ರದ ಗುಂಡಿ ತಿರುಗಿಸಿ ಮಣ್ಣಿಗೆ ಹೊಂದಿಸಿದರು. ಗುಂಡಿನ ಮೇಲೆ ಬಂದಾಗ ಸಣ್ಣಗೆ ನರಳಿದಂಥ ಸದ್ದು ಬಂತು.

"ಇದು ಬಂಗಾರದ ಹರಳು ಹುಡುಕಾಕನ ಮಾಡಿದ್ದು. ಆದ್ರ ನಾಕ ಬಟ್ಟಿನ ಆಳಕ್ಕಿಂತ ಕೆಳಗ ಇದ್ದದ್ದು ಕೇಳಸಂಗಿಲ್ಲ. ನೆಲಕ್ಕ ಹತ್ತಿದಂಗ ಹಿಡಿದು, ನಿಧಾನ ಆಡಸಬೇಕು. ತಾಳ್ಮಿ ಐತೇನ್ರಿ?"

"ಈಗ ಅದೊಂದ ಉಳದೈತ್ರಿ," ಎಂದ ಸಂಗನಬಸವ.

ಜೋಳ ಕಿತ್ತು ಹೊಲ ಬಯಲಾದ ಮೇಲೆ ಹುಡುಕಾಟ ಶುರುವಾಯಿತು. ಮೇಲಿನ ಪಟ್ಟಿಗೆ ಹಗ್ಗ ಕಟ್ಟಿ ಸಾಲು ಸಾಲಾಗಿ ನಡೆದ. ಎತ್ತಿನ ಲಾಳ, ಮೊಳೆ, ಔಷಧದ ಬಾಟಲಿಯ ಮುಚ್ಚಳ, ಗುಟಕಾ ಚೀಟಿ ಬಂದವು. ದಾರಿಯಲ್ಲಿ ಹೋಗುವವರು "ಏನ್ ಸಂಗಪ್ಪ, ಕೊಪ್ಪರಿಗಿ ಸಿಕ್ತೇನೋ?" ಎಂದು ಕೂಗಿದರು. ಅವನು ಮುಂದಿನ ಸಾಲಿಗೆ ಹೊರಳಿದ.

ಹತ್ತೊಂಬತ್ತನೆಯ ದಿನ ಬೇವಿನ ಗಿಡದ ಹತ್ತಿರ ಆ ಸಣ್ಣ ಸದ್ದು ಬಂತು. ಹೆಂಟೆ ಒಡೆದು ಮಣ್ಣು ಜರಡಿ ಹಿಡಿದ. ಒಳಗೆ ತುಂಬಿದ್ದ ಅರಗು ಹೋಗಿ, ನೇಗಿಲ ಏಟಿಗೆ ಚಪ್ಪಟೆಯಾದ ಗುಂಡೊಂದು ಕೂತಿತ್ತು. ಉಗುಳು ಹಚ್ಚಿ ಒರೆಸಿದ. ಹೊಳೆಯಿತು. ಸಂತೋಷವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಸಾಲಿನಲ್ಲಿ ಕೂತ. ಯುಗಾದಿಯ ಹೊತ್ತಿಗೆ ಒಂಬತ್ತು ಸಿಕ್ಕವು.

ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಿಕೋಟಾಕ್ಕೆ ಹೋದ. ಶೈಲಶ್ರೀ ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿದ್ದಳು. ಮೂಗಿಗೆ ಕಟ್ಟಿದ ಬಟ್ಟೆ ಇಳಿಸುತ್ತ ಹೊರಗೆ ಬಂದವಳು ಅವನನ್ನು ಕಂಡು ನಿಂತಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನು ಗಂಟು ಬಿಚ್ಚಿ ಚಾಚಿದ.

ಅವಳು ಅಂಟು ಕೈಯನ್ನು ಸೀರೆಗೆ ಒರೆಸಿಕೊಂಡಳೇ ಹೊರತು ಗುಂಡು ಮುಟ್ಟಲಿಲ್ಲ.

"ಎಲ್ಲಿ ಸಿಕ್ಕುವ್ರಿ?"

"ಗೊಬ್ಬರ ಹಾಕಿದ ಪಟ್ಟ್ಯಾಗ. ಮಷೀನು ತಂದು ಹುಡುಕಿದ್ನಿ."

"ಮಷೀನು ಹೇಳಿದ್ದು ಕೇಳಿದ್ರಿ. ಅವತ್ತ ನಾನೂ ಇದನ್ನ ಹೇಳಿದ್ನೆಲ್ರಿ?"

"ತಪ್ಪಾತು ಶೈಲಾ."

"ನಮ್ಮಪ್ಪ ಸಾಯೂತನಕಾ ನಿಮ್ಮೂರ ಸಂತಿಗೆ ಕಾಲಿಡಲಿಲ್ಲ. ಕಳವಿನ ಬಂಗಾರ ಇಸಗೊಂಡಾಂವ ಅಂತಾರ ಅಂತ. ಆರು ವರ್ಷಾತು ಹೋಗಿ. ಅವನ ಕಣ್ಣಿಗೆ ಇದನ್ನ ತೋರಿಸ್ತೀರೇನ್ರಿ?"

ಅವನು ಕರವಸ್ತ್ರವನ್ನು ಮತ್ತೆ ಗಂಟು ಕಟ್ಟಿದ. "ಮನಿಗಿ ಬಾ," ಎಂದ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಬರಂಗಿಲ್ರಿ. ಒಂದ ಮಾಡ್ರಿ. ಅವತ್ತ ಯಾರ್ಯಾರಿಗೆ ಕೇಳಿಸಿತ್ತೋ, ಅವ್ರಿಗೆಲ್ಲ ಹೇಳ್ರಿ." ಬಟ್ಟೆ ಮೂಗಿಗೆ ಏರಿಸಿಕೊಂಡು ಅವಳು ಒಳಗೆ ಹೋದಳು.

ಮರುದಿನದಿಂದ ಸಂಗನಬಸವ ಓಣಿಯ ಮನೆ ಮನೆಗೆ ಹೋದ. ಗುಂಡು ತೋರಿಸಿ, "ನಮ್ಮಾಕಿ ಕದ್ದಿರಲಿಲ್ರಿ. ನಮ್ಮ ಮಾವನೂ ಇಸಗೊಂಡಿರಲಿಲ್ಲ. ನನಗ ಗೊತ್ತಿತ್ತು, ಬಾಯಿ ಬಿಡಲಿಲ್ಲ," ಎಂದ. ಹೊಸದಾಗಿ ಬಂದ ಸೊಸೆಯರಿಗೆ ಯಾರ ಮಾತೆಂದೇ ತಿಳಿಯಲಿಲ್ಲ. ಆ ದಿನ ಅಂಗಳದಲ್ಲಿ ನಿಂತು ನೋಡಿದವರಲ್ಲಿ ಅರ್ಧ ಜನ ಸತ್ತಿದ್ದರು. ಉಳಿದವರು, "ಆಗಿ ಹ್ವಾದದ್ದು ಬಿಡೋ ತಮ್ಮಾ, ಚಾ ಕುಡಿ," ಎಂದರು. ಆದರೂ ಅವನು ಒಂದು ಮನೆಯನ್ನೂ ಬಿಡಲಿಲ್ಲ.

ಮಳೆಗಾಲದಲ್ಲಿ ಶೈಲಶ್ರೀಯ ಫೋನು ಬಂತು. ಅವಳ ಅಣ್ಣ ತವರುಮನೆಯ ಎರಡು ಕೋಣೆ ಅವಳ ಹೆಸರಿಗೆ ಬರೆದುಕೊಡುವವನಿದ್ದ.

"ಕಾಗದದಾಗ ನನ್ನ ಹೆಸರಿನ ಜೋಡಿ ನಿಮ್ಮ ಹೆಸರು ಬ್ಯಾಡ್ರಿ. ಸೋಡಚೀಟಿಗೆ ಸಹಿ ಮಾಡ್ತೀರೇನು?"

"ಮಾಡ್ತೀನಿ," ಎಂದ.

ವಿಜಯಪುರದ ವಕೀಲರೊಬ್ಬರ ಕೋಣೆಯಲ್ಲಿ, ವಿಚ್ಛೇದನದ ಕಾಗದಗಳ ಮೇಲೆ ಅವರು ಬೆರಳು ಇಟ್ಟು ತೋರಿಸಿದಲ್ಲೆಲ್ಲ ಅವನು ಸಹಿ ಹಾಕಿದ. ಅವಳೂ ಹಾಕಿದಳು. ಹೊರಗೆ ಜಿಟಿಜಿಟಿ ಮಳೆ. ಇಬ್ಬರೂ ಒಂದೇ ಛಾವಣಿಯ ಕೆಳಗೆ ಸ್ವಲ್ಪ ಹೊತ್ತು ನಿಂತರು.

"ಓಣ್ಯಾಗ ಹೇಳಿದ್ರಂತ. ನಿಮ್ಮೂರಿಂದ ಕೆಲಸಕ್ಕ ಬರೂ ಒಬ್ಬಾಕಿ ಹೇಳಿದ್ಲು," ಎಂದಳು.

"ಹೂಂ."

"ಊಟ ಯಾರು ಮಾಡ್ತಾರ್ರಿ ಮನ್ಯಾಗ?"

"ನಾನ ಮಾಡ್ಕೋತೀನಿ."

ಅವಳು ಇನ್ನೇನೋ ಕೇಳುವವಳಂತೆ ಬಾಯಿ ತೆರೆದಳು. ಅಷ್ಟರಲ್ಲಿ ತಿಕೋಟಾದ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿತು. ಸೆರಗು ತಲೆಗೆ ಹೊದ್ದು, ನೀರು ದಾಟುತ್ತ ಓಡಿ ಹತ್ತಿದಳು.